ಹಿಂದಿರುಗಿ ನೋಡಬಾರದ ಗವಿ

ಪೂಜ್ಯ ಶ್ರೀ ಪರ್ವತಲಿಂಗ ಶಿವಯೋಗಿಗಳು ಕರಿಗುಂಡಿನ ಬೆಟ್ಟದ ಗವಿಯಲ್ಲಿ ನೆಲೆಸಿದ ಕಾಲಕ್ಕೆ ಅವರ ಆಸ್ತಿಯೆಂದರೆ ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ. ಭಕ್ತರು ಅವರನ್ನು ಅಜ್ಜಾರು ಎನ್ನುತ್ತಿದ್ದರು ಎಂದು ಈಗ ಹೇಳುತ್ತೇವೆ. ಆದರೆ ಆಗ ಭಕ್ತರಾದರೂ ಎಲ್ಲಿದ್ದರು? ಆ ಗವಿಯ ಹೆಸರೆತ್ತಿದರೆ ಸುತ್ತಲಿನ ಊರವರು ಹೆದರಿ ಎದೆಗೆ ಉಗುಳಿಕೊಳ್ಳುತ್ತಿದ್ದರು.

ಅದಕ್ಕೆ ಕಾರಣವಿತ್ತು. ಮಗುವಿಗೆ ಮಾತು ಬಾರದಿದ್ದರೆ ಅದರ ದನಿಯನ್ನು ಗವಿಯಲ್ಲಿರುವುದೇನೋ ನುಂಗಿದೆ ಎಂದು ಜನ ನಂಬಿದ್ದರು. ಅಂಥ ಮಗುವನ್ನು ಗವಿಯ ಬಾಯಲ್ಲಿ ಒಪ್ಪಿಸಿ ಬಂದರೆ ಮುಂದಿನದು ನೆಟ್ಟಗೆ ಹುಟ್ಟೀತು ಎಂಬ ಆಸೆ. ಇಳಿಯುವಾಗ ಮಾತ್ರ ಹಿಂದಿರುಗಿ ನೋಡಬಾರದು. ಯಾರು ಕರೆದರೂ ನಿಲ್ಲಬಾರದು. ನಿಂತರೆ ಅದು ಬೆನ್ನು ಹತ್ತಿ ಮನೆಗೆ ಬರುತ್ತದೆ. ಅಜ್ಜಾರು ಒಳಗಿನಿಂದ ಓಡಿಬಂದು "ನಿಲ್ಲಪಾ, ನಿಲ್ಲು" ಎಂದು ಕೂಗುತ್ತಿದ್ದರು. ಅವರು ಕೂಗಿದಷ್ಟೂ ಹೆತ್ತ ತಂದೆ ಜೋರಾಗಿ ಓಡುತ್ತಿದ್ದ. ಏನು ಹೇಳೋಣ ನಮ್ಮ ಬುದ್ಧಿಗೆ! ಗುರು ಕರೆದರೆ ದೆವ್ವ ಕರೆಯಿತೆಂದು ಓಡಿದವರು ನಾವು.

ಡಂಗುರದ ದುರಗಪ್ಪನೂ ಹಾಗೆ ಓಡಿದವನೇ. ಹಲಗೆ ಬಾರಿಸಿ ಊರಿಗೆ ಸುದ್ದಿ ಸಾರುವುದು ಅವನ ಕಾಯಕ. ಅವನ ಕಂಠ ಹಳ್ಳ ದಾಟಿ ಆಚೆಯ ಊರಿಗೂ ಮುಟ್ಟುತ್ತಿತ್ತು. ಅವನ ಮಗಳು ಬಾಳವ್ವನಿಗೆ ಮಾತ್ರ ಪಕ್ಕದಲ್ಲೇ ಬಾರಿಸಿದ ಹಲಗೆಯೂ ಕೇಳಿಸದು, ಮಾತೂ ಬಾರದು. "ಊರಿಗೆಲ್ಲ ಸಾರಾಂವನ ಮನ್ಯಾಗ ಕೇಳೋರಿಲ್ಲ" ಎಂದು ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರು. ಆ ನಗೆ ತಾಳಲಾರದೆ ಅವನು ಎಳೆಯ ಮಗುವನ್ನು ಗವಿಗೆ ಒಪ್ಪಿಸಿ ಬಂದ. ಅಂದಿನಿಂದ ಹೆಂಡತಿ ನೀಲವ್ವ ಹೊಟ್ಟೆತುಂಬ ಉಂಡದ್ದಿಲ್ಲ.

ಎರಡು ಮಳೆಗಾಲ ಕಳೆದವು. ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವವರು ಒಂದು ಸುದ್ದಿ ತಂದರು. ನಡುಮಧ್ಯಾಹ್ನ ಗವಿಯೊಳಗಿಂದ ಮಕ್ಕಳ ದನಿ ಬರುತ್ತಿದೆಯಂತೆ, "ಅಪ್ಪಾ, ಅವ್ವಾ" ಎನ್ನುತ್ತಿವೆಯಂತೆ. ಆದರೆ ಆ ದನಿ ಬದುಕಿದವರ ದನಿಯಂತಿಲ್ಲ. ನೀಲವ್ವ ಗಂಡನ ಕಾಲು ಹಿಡಿದಳು.

"ನನ್ನ ಕೂಸು ಸತ್ತೈತೋ ಬದುಕೈತೋ, ಇಷ್ಟ ನೋಡ್ಕೊಂಡ ಬಾ."

ಶಾಂತಿ ಮಾಡಲೆಂದು ಬೂದುಗುಂಬಳ ಹೊತ್ತು ದುರಗಪ್ಪ ಬೆಟ್ಟ ಏರಿದ. ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಹಕ್ಕಿಯೂ ಉಲಿಯುತ್ತಿರಲಿಲ್ಲ. ಗವಿಯ ಬಾಯಿಗೆ ಬಂದಾಗ ಅವನಿಗೂ ಕೇಳಿಸಿತು. ಏರಿಲ್ಲದ, ಇಳಿತವಿಲ್ಲದ, ಖಾಲಿ ಗಡಿಗೆಯೊಳಗೆ ಬಾಯಿಟ್ಟು ಅಂದಂಥ ದನಿ. "ಅ... ಪ್ಪಾ." ಅದು ನಿಂತರೆ ಇನ್ನೊಂದು, ಅದೂ ಹಾಗೆಯೇ. ಕತ್ತಲಿಗೆ ಕಣ್ಣು ಹೊಂದಿಕೊಂಡಾಗ ಸಾಲಾಗಿ ಕುಳಿತ ಮಕ್ಕಳ ಬೆನ್ನುಗಳು ಕಂಡವು.

"ಯಾರಲ್ಲಿ!" ಎಂದು ಡಂಗುರದ ಕಂಠದಲ್ಲೇ ಅರಚಿದ. ಗವಿಯೆಲ್ಲ ಮೊಳಗಿತು. ಒಂದು ಮಗುವೂ ಕತ್ತು ಹೊರಳಿಸಲಿಲ್ಲ. ಹೊತ್ತಿದ್ದ ಕುಂಬಳ ಜಾರಿ ಬಂಡೆಯ ಮೇಲೆ ಬಿತ್ತು. ಅಷ್ಟೂ ಮಕ್ಕಳು ಒಮ್ಮೆಗೇ ತಿರುಗಿ ಅವನನ್ನು ನೋಡಿದವು. ಕಿವಿಗೆ ಕೇಳದ್ದು ಕುಳಿತ ಬಂಡೆಯ ಅದುರಿನಿಂದ ತಿಳಿಯುತ್ತದೆಂದು ಪಾಪ ಅವನಿಗೇನು ಗೊತ್ತು? ಓಡಲು ಹೊರಳಿದ.

"ದುರಗಪ್ಪಾ," ಎಂದಿತು ಒಳಗಿನಿಂದ ಒಂದು ಮೆಲುದನಿ. "ಅವತ್ತ ಕರದಾಂವ ನಾನ. ಇವತ್ತ ನಿನ್ನ ಮಗಳ ಕರೀಲಿಕ್ಕತ್ತಾಳ. ಓಡಬ್ಯಾಡ."

ಅಜ್ಜಾರು ಮಕ್ಕಳ ಎದುರು ಕುಳಿತಿದ್ದರು. ಅವರ ಕೊರಳ ಮೇಲೆ ಒಂದು ಪುಟ್ಟ ಅಂಗೈ ಇತ್ತು. ಹಿಂದೆ ದೇಶಸಂಚಾರದಲ್ಲಿ ಅವರು ದೂರದ ಪಟ್ಟಣವೊಂದರ ಕಿವುಡ ಮಕ್ಕಳ ಶಾಲೆಯಲ್ಲಿ ಕಸ ಗುಡಿಸಿಕೊಂಡಿದ್ದು ಒಂದು ವಿದ್ಯೆ ಕಲಿತು ಬಂದಿದ್ದರು. ಜನ ಬಿಟ್ಟುಹೋದ ಮಕ್ಕಳನ್ನೆಲ್ಲ ಸಾಕಿಕೊಂಡು ಅದನ್ನೇ ಕಲಿಸುತ್ತಿದ್ದರು. ಗುರುವಿನ ಕೊರಳು ಅದುರುವುದನ್ನು ಮಗು ಕೈಯಿಂದ ಅರಿಯಬೇಕು, ತುಟಿಯನ್ನು ಕಣ್ಣಿಂದ ಓದಬೇಕು, ಆಮೇಲೆ ಅದನ್ನೇ ತನ್ನ ಕೊರಳಲ್ಲಿ ಹುಟ್ಟಿಸಬೇಕು. ಒಂದೊಂದು ಅಕ್ಷರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ತನ್ನ ಮಾತು ತನಗೇ ಕೇಳದ ಮಗುವಿನ ದನಿಗೆ ಏರಿಳಿತ ಎಲ್ಲಿಂದ ಬರಬೇಕು?

ಆ ಅಂಗೈ ಬಾಳವ್ವನದು. ಅವಳು ಎದ್ದು ಬಂದಳು. ಓಡದೆ ಅಲ್ಲೇ ಕುಳಿತಿದ್ದ ತಂದೆಯ ಕೊರಳಿಗೆ ಕೈಯಿಟ್ಟು ಕಾದಳು. ಊರಿಗೆಲ್ಲ ಸಾರಿದವನು ಆ ಪುಟ್ಟ ಕೈಯನ್ನೇ ನೋಡುತ್ತಿದ್ದ.

"ಹೆಸರ ಹಿಡದ ಕರಿ," ಎಂದರು ಅಜ್ಜಾರು.

ಕೇಳದವಳನ್ನು ಕರೆದೇನು ಫಲವೆಂದು ಅವನು ಮಗಳನ್ನು ಎಂದೂ ಹೆಸರಿನಿಂದ ಕರೆದವನಲ್ಲ. "ಬಾಳವ್ವಾ," ಎಂದ. ಅಂಗೈ ಅಲುಗದೆ ಅಲ್ಲೇ ಇತ್ತು. ಬಳಿಕ ಕಲಿತ ಅಕ್ಷರಗಳನ್ನು ಜೋಡಿಸಿ, ಮೈ ಜುಮ್ಮೆನಿಸುವ ಅದೇ ದನಿಯಲ್ಲಿ ಮಗು ಹೇಳಿತು: "ಬಾ... ಳ... ವ್ವಾ." ದುರಗಪ್ಪ ಅವಳ ಪಾದಕ್ಕೆ ಹಣೆಯಿಟ್ಟು ಅತ್ತುಬಿಟ್ಟ.

ನೀಲವ್ವನನ್ನು ಕರೆತರಲು ಅವನು ಬೆಟ್ಟ ಇಳಿಯತೊಡಗಿದಾಗ ಬೆನ್ನ ಹಿಂದೆ "ಅ... ಪ್ಪಾ" ಎಂದಿತು. ಹಳೆಯ ಭಯಕ್ಕೆ ಕಾಲು ತಾನಾಗಿ ಬಿರುಸಾಯಿತು. ಆಮೇಲೆ ನಿಂತ. ಹಿಂದಿರುಗಿ ನೋಡಿದ. ಗವಿಯ ಬಾಯಲ್ಲಿ ಬಾಳವ್ವ ತನ್ನ ಕೊರಳ ಮೇಲೆ ತಾನೇ ಕೈಯಿಟ್ಟುಕೊಂಡು, ದನಿ ಹೊರಟಿತೋ ಇಲ್ಲವೋ ಎಂದು ನೋಡಿಕೊಳ್ಳುತ್ತ ಮತ್ತೆ ಮತ್ತೆ ಕರೆಯುತ್ತಿದ್ದಳು.

ಮುಂದಿನ ಸಂತೆಯಲ್ಲಿ ದುರಗಪ್ಪನ ಹಲಗೆ ಮೊಳಗಿತು. "ಕೇಳ್ರಪೋ ಕೇಳ್ರಿ! ಗವ್ಯಾಗ ದೆವ್ವಿಲ್ಲ, ನಮ್ಮ ಮಕ್ಕಳದಾವ. ಕರದ್ರ ನಿಲ್ಲರಿ!" ಬದುಕಿರುವವರೆಗೂ ಅವನು ಊರೂರು ತಿರುಗಿ ಸಾರಿದ್ದು ಇದೊಂದನ್ನೇ.

ಈಗ ಗವಿಯ ಕೆಳಗೆ ಶಾಲೆಯಿದೆ, ಕಿವಿ ಪರೀಕ್ಷಿಸುವ ವೈದ್ಯರು ಬಂದುಹೋಗುತ್ತಾರೆ. ಬೆಳಗ್ಗೆ ಮಕ್ಕಳು ಅಜ್ಜಾರು ಐಕ್ಯರಾದ ಗದ್ದುಗೆಯ ಕಲ್ಲಿಗೆ ಅಂಗೈ ಹಚ್ಚಿ ಸ್ವಲ್ಪ ಹೊತ್ತು ಕಾಯುತ್ತವೆ, ಏನೋ ಸಿಕ್ಕಂತೆ ನಕ್ಕು ತರಗತಿಗೆ ಓಡುತ್ತವೆ. ನಾವೂ ಹಚ್ಚಿ ನೋಡಿದ್ದೇವೆ. ನಮ್ಮ ಕೈಗೆ ಕಲ್ಲಿನ ತಂಪಷ್ಟೇ ಹತ್ತಿತು. ಮಕ್ಕಳನ್ನು ಶಾಲೆಗೆ ಬಿಟ್ಟು ಇಳಿಯುವ ತಾಯಿತಂದೆಯರು ಮಾತ್ರ ದಾರಿಯ ಪ್ರತಿ ತಿರುವಿನಲ್ಲೂ ನಿಂತು ಹಿಂದಿರುಗಿ ನೋಡುತ್ತಾರೆ.