ಕೊಳವೆ ಮತ್ತು ಕೊಳಲು

ಒಂದು ಚರ್ಚಿನಲ್ಲಿ ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಪುಟ್ಟ ಆರ್ಗನ್ ಇತ್ತು; ಅದರ ಮುಂದಿನ ಸಾಲಿನಲ್ಲಿ ಚಿನ್ನದ ಬಣ್ಣ ಬಳಿದ ತಗಡಿನ ಕೊಳವೆಗಳಿದ್ದವು. ಅವುಗಳ ಹಿಂದೆ ಕತ್ತಲೆಯಲ್ಲಿ ಒಂದು ಸಾಗುವಾನಿ ಕೊಳವೆ ನಿಂತಿತ್ತು. ಸದಾ ಎಲ್ಲರೊಡನೆ ಸೇರಿ ಹಾಡುತ್ತಿದ್ದುದರಿಂದ ತನ್ನ ದನಿ ಯಾವುದೆಂದು ಅದಕ್ಕೇ ಗೊತ್ತಿರಲಿಲ್ಲ.

ಆರ್ಗನ್ ನುಡಿಸುವ ಸಲೋಮಿಯಮ್ಮ ಒಂದು ದಿನ ದಾಖಲೆ ಪುಸ್ತಕ ತೆರೆದರು. “ಒಂದೊಂದನ್ನೇ ನುಡಿಸುತ್ತೇನೆ. ನುಡಿದದ್ದು ಕೊಳಲು, ನುಡಿಯದ್ದು ಬರೀ ಕೊಳವೆ. ನುಡಿಯದ ಮರವನ್ನು ಇಟ್ಟುಕೊಳ್ಳುವುದಿಲ್ಲ,” ಎಂದರು.

“ಸೌದೆಯಣ್ಣ, ನಿನಗೆ ಒಲೆಯೇ ಗತಿ,” ಎಂದಿತು ನಡುವಿನ ಚಿನ್ನದ ಕೊಳವೆ. “ಹಾಡಿನಲ್ಲಿ ಎಲ್ಲಕ್ಕಿಂತ ಕೆಳಗೆ ಕೇಳುವ ಆ ಗಂಭೀರ ದನಿ ನನ್ನದು. ಜನ ನೋಡುವುದು ನನ್ನನ್ನೇ ಅಲ್ಲವೇ?”

“ಇರಬಹುದು, ದೊರೆ. ಆದರೂ ಗಾಳಿ ಬಂದರೆ ನಾನು ಸುಮ್ಮನಿರಲಾರೆ,” ಎಂದಿತು ಸಾಗುವಾನಿ.

ತಿದಿ ಗಾಳಿ ತುಂಬಿಕೊಂಡಿತು. ಸಲೋಮಿಯಮ್ಮ ಕಾಲಿನಿಂದ ಪೆಡಲ್ ಒತ್ತಿದರು. ಬೆಂಚುಗಳು ನಡುಗುವಂಥ ಗಂಭೀರ ದನಿ ಚಿನ್ನದ ಸಾಲಿನ ಹಿಂದಿನಿಂದ ಎದ್ದಿತು. ಸಾಗುವಾನಿ ಮೊದಲ ಬಾರಿಗೆ ತನ್ನನ್ನು ತಾನೇ ಕೇಳಿಸಿಕೊಂಡಿತು.

ಏನು ಒತ್ತಿದರೂ ನಡುವಿನ ಚಿನ್ನದ್ದು ತುಟಿ ಬಿಚ್ಚಲಿಲ್ಲ. ತಡವಿ ನೋಡಿದರೆ ಅದರ ಬುಡದಲ್ಲಿ ಗಾಳಿ ಹೋಗುವ ತೂತೇ ಇರಲಿಲ್ಲ. ಸಲೋಮಿಯಮ್ಮ ಬರೆದರು: “ಸಾಗುವಾನಿ, ಎಂಟಡಿ, ಕೊಳಲು. ನಡುವಿನ ಚಿನ್ನದ್ದು, ಕೊಳವೆ, ಅಲಂಕಾರಕ್ಕೆ.”

“ಮುಂದೆ ನೀವೇ ಇರಿ, ದೊರೆ,” ಎಂದಿತು ಸಾಗುವಾನಿ. “ನುಡಿಯುವುದು ನನಗಿರಲಿ.”