ಹಾಲಮ್ಮ ಕೇಳಿದ್ದು

ಮೇದಪ್ಪನವರು ಯಕೃತ್ತಿನ ಕಸಿ ಮಾಡುವ ಶಸ್ತ್ರವೈದ್ಯರು. ಅಭಿನಂದನ ಅವರ ಶಿಷ್ಯ.

ಕಸಿ ಮಾಡಿದ ಯಕೃತ್ತು ಕೆಲವರಲ್ಲಿ ಮೊದಲ ವಾರದಲ್ಲೇ ಕೈಕೊಡುತ್ತದೆ. ಯಾರಲ್ಲಿ ಹಾಗಾದೀತೆಂದು ರಕ್ತಪರೀಕ್ಷೆಗಳಿಂದ ಮೊದಲೇ ಅಂದಾಜಿಸುವ ಸೂತ್ರವೊಂದನ್ನು ಅಭಿನಂದನ ರೂಪಿಸಿದ್ದ. ಅಂಥವರಿಗೆ ಬೇರೆ ಯಕೃತ್ತನ್ನು ಬೇಗನೆ ಹುಡುಕಲು ತೊಡಗಬಹುದಿತ್ತು. ಗುರುಗಳೂ ಮೆಚ್ಚಿದ್ದರು.

ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದ ಬಸಲಿಂಗಪ್ಪನಿಗೆ ಕಸಿಯಾಯಿತು. ಮರುದಿನ ಅವನ ಹೆಂಡತಿ ಹಾಲಮ್ಮ ಕೇಳಿದಳು:

"ಉಳೀತಾರಾ ಡಾಕ್ಟ್ರೇ? ನಮ್ಮತ್ತೆಗೆ ಕಣ್ಣು ಸರಿಯಾಗಿ ಕಾಣಲ್ಲ. ಊರಿಗೆ ಹೋಗಿ ಕರ್ಕೊಂಡು ಬರ್ಲಾ?"

ಅಭಿನಂದನ ಸೂತ್ರಕ್ಕೆ ಅಂಕಿಗಳನ್ನು ಹಾಕಿ ನೋಡಿದ. ಅಪಾಯ ಕಡಿಮೆ ಎಂದು ಬಂತು.

"ಏನೂ ಆಗಲ್ಲಮ್ಮ. ಧೈರ್ಯವಾಗಿ ಹೋಗಿ ಬನ್ನಿ," ಎಂದವನೇ ಮುಂದಿನ ರೋಗಿಯತ್ತ ನಡೆದ.

ಹಾಲಮ್ಮ ಹರಿಹರದ ಬಸ್ಸು ಹತ್ತಿದಳು. ಅವಳು ಅತ್ತೆಯನ್ನು ಕರೆದುಕೊಂಡು ಹಿಂತಿರುಗುವಷ್ಟರಲ್ಲಿ ಹೊಸ ಯಕೃತ್ತು ಸೋತಿತ್ತು. ಬೇರೊಂದು ಸಿಗಲಿಲ್ಲ. ಅವರಿಬ್ಬರೂ ಬಂದು ತಲುಪುವ ಮೊದಲೇ ಬಸಲಿಂಗಪ್ಪ ತೀರಿಕೊಂಡಿದ್ದ.

ಅಭಿನಂದನ ಗುರುಗಳ ಮುಂದೆ ನಿಂತ.

"ಲೆಕ್ಕ ಎಲ್ಲಿ ತಪ್ಪಿತು, ಸರ್?"

ಮೇದಪ್ಪನವರು ಎಲ್ಲವನ್ನೂ ನೋಡಿದರು. "ತಪ್ಪಿಲ್ಲ. ಇಂಥವರಲ್ಲಿ ಹೆಚ್ಚಿನವರು ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ. ನಿನ್ನ ಸೂತ್ರವೂ ಅಷ್ಟೇ ಹೇಳಿದೆ."

"ಹಾಗಾದರೆ ನನ್ನ ತಪ್ಪಿಲ್ಲವೇ?"

ಗುರುಗಳು ಕಾರಿನ ಕೀ ಎತ್ತಿಕೊಂಡರು. "ನಡಿ."

ಹರಿಹರದಲ್ಲಿ ಹಾಲಮ್ಮ ಚಾಪೆ ಹಾಸಿದಳು. ಗೋಡೆಗೊರಗಿದ್ದ ಮುದುಕಿ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಆಸ್ಪತ್ರೆಯೋರಾ? ನನ್ನ ಮಗ ಏನಾದ್ರೂ ಅಂದನಾ?"

ಅಭಿನಂದನ ಮುದುಕಿಯ ಕಡೆ ಬಾಗಿದ. "ಅವ್ವ ಬಂದಳಾ ಅಂತ ಕೇಳಿದ್ರು."

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಾಲಮ್ಮ ಅಳಲಿಲ್ಲ. "ಹಿಂಗಾಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ ಡಾಕ್ಟ್ರೇ?"

ಅಭಿನಂದನ ಸೂತ್ರದ ಬಗ್ಗೆ ಹೇಳಹೊರಟ. ಮೇದಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ಮಾತು ನಿಲ್ಲಿಸಿದ.

"ಗೊತ್ತಿರಲಿಲ್ಲಮ್ಮ," ಎಂದ ಕೊನೆಗೆ. "ಗೊತ್ತಿರೋ ಹಾಗೆ ಹೇಳಿಬಿಟ್ಟೆ."

"ಗೊತ್ತಿಲ್ಲ ಅಂದಿದ್ರೆ ಸಾಕಿತ್ತು," ಎಂದಳು ಹಾಲಮ್ಮ. "ಅವರ ಕೈ ಬಿಟ್ಟು ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ."

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಅವಳು ಏಳಲಿಲ್ಲ.

ಹಿಂತಿರುಗುವಾಗ ಮೇದಪ್ಪನವರು ತುಂಗಭದ್ರೆಯ ದಡದಲ್ಲಿ ಕಾರು ನಿಲ್ಲಿಸಿದರು. ಇಬ್ಬರೂ ಇಳಿದು ನೀರಿನ ಅಂಚಿಗೆ ಹೋದರು.

"ಸೂತ್ರವನ್ನು ಬಿಟ್ಟುಬಿಡಲೇ, ಸರ್?"

"ಯಾಕೆ? ಅದರಿಂದ ಇನ್ನೆಷ್ಟೋ ಜನ ಬದುಕುತ್ತಾರೆ."

"ನಾಳೆ ಇನ್ನೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ. ಏನು ಹೇಳಲಿ?"

"ಮೊದಲು ಅವರ ಪಕ್ಕದಲ್ಲಿ ಕೂರು," ಎಂದರು ಗುರುಗಳು. "ಎದ್ದು ಹೋಗುವ ಆತುರ ನಿನ್ನಲ್ಲಿ ಉಳಿಯದಾಗ ಬಾಯಿ ತೆರೆ."