ಕಲ್ಲುಹೂವಿನ ಮದ್ದು, ಅರಸನ ಹೊನ್ನೇರು

ಗುಡ್ಡಗಳಿಗೆ ಇನ್ನೂ ಹೆಸರಿಡದ ಕಾಲ. ಆ ಕಾಲದಲ್ಲಿ ಒಂದು ಊರು, ಆ ಊರಿಗೊಬ್ಬ ಅರಸ, ಹೆಸರು ಬೊಮ್ಮರಸ ಅಂತೆ. ಯುಗಾದಿಯ ದಿನ ಅರಸ ಬರಿಗಾಲಲ್ಲಿ ಹೊಲಕ್ಕಿಳಿದು ವರ್ಷದ ಮೊದಲ ಉಳುಮೆಯ ಹೊನ್ನೇರು ಹೂಡಬೇಕು; ಆಮೇಲೆಯೇ ಊರವರು ನೇಗಿಲು ಮುಟ್ಟಬೇಕು. ದೇವರ ಹೆಸರಲ್ಲಿ ನಡೆದುಕೊಂಡು ಬಂದ ಕಟ್ಟಳೆ ಅದು.

ಒಂದು ವರ್ಷ ಅರಸನ ಹಿಮ್ಮಡಿಯಲ್ಲಿ ಹುಣ್ಣಾಯಿತಂತೆ. ಕೀವು ಒಸರುತ್ತದೆ, ಕಾಲು ಊರಲಾಗದು. ಯುಗಾದಿಗೆ ಹತ್ತೇ ದಿನ. ಅರಮನೆಯ ಪಂಡಿತ ನರಸಭಟ್ಟ ಏಳು ಬೇರು ತೇದ, ಏಳು ಎಣ್ಣೆ ಕಾಸಿದ. ಹುಣ್ಣು ಏಳರಷ್ಟಾಯಿತು.

ಸುದ್ದಿ ಕೇಳಿ ಕುರಿ ಕಾಯುವ ಕೆಂಗವ್ವ ಬಂದಳಂತೆ. ಸೊಂಟದ ಗಂಟು ಬಿಚ್ಚಿ, ಬಂಡೆಗೆ ಅಂಟಿ ಬೆಳೆಯುವ ಬೂದಿಬಣ್ಣದ ಕಲ್ಲುಹೂವಿನ ಒಂದು ಚೂರು ತೋರಿಸಿದಳು.

"ನನ್ನ ಕುರಿ ಕಾಲಿಗೆ ಹುಣ್ಣಾದ್ರೆ ಇದನ್ನೇ ಅರೆದು, ಜೇನಲ್ಲಿ ಕಲಸಿ ಹಚ್ತೀನಿ, ನನ್ನೊಡೆಯಾ."

ಪಂಡಿತ ಹೊಟ್ಟೆ ಹಿಡಿದು ನಕ್ಕ. "ಇದು ಸಾರಿನ ಮಸಾಲೆಗೆ ಹಾಕೋದಲ್ವೇನೇ! ಪ್ರಭುಗಳನ್ನು ಒಲೆಗಿಡ್ತೀಯಾ?"

"ನಿಮ್ಮ ಕೈಯಲ್ಲಿ ಆಗ್ಲೇ ಅರ್ಧ ಬೆಂದವ್ರೆ, ಬುದ್ಧಿ," ಅಂದಳಂತೆ ಕೆಂಗವ್ವ.

ಅರಸನಿಗೆ ನೋವಿನಲ್ಲೂ ನಗು ಬಂತು. "ತನ್ನಿ ಕಲ್ಲುಹೂವು!" ಅಂದ. ಅರಸನ ಅಪ್ಪಣೆ ಅಂದಮೇಲೆ ಭಟರು ಸುಮ್ಮನಿರುತ್ತಾರೆಯೇ? ಗುಡ್ಡಕ್ಕೆ ಓಡಿದರು. ಬಿಸಿಲಿಗೆ ಒಣಗಿ ಕಲ್ಲಿಗೆ ಕಚ್ಚಿಕೊಂಡಿದ್ದನ್ನು ಹಾರೆಯಿಂದ ಕೆರೆದು, ಮೂಟೆಗಟ್ಟಲೆ ಹೊತ್ತು ತಂದು, ತಾವೇ ಅರೆದು ಹಚ್ಚಿದರು. ಅರಸ ಮಂಚದಿಂದ ಹಾರಿದ.

"ಅವ್ವಾ, ಇದು ಮದ್ದೋ, ಮರಳೋ!"

ಕೆಂಗವ್ವ ಮುಟ್ಟಿ ನೋಡಿದಳು. "ಮುಕ್ಕಾಲು ಕಲ್ಲಿನ ಪುಡಿ! ನೀರು ಚಿಮುಕಿಸಿದ್ರೆ ಹಸುಗೂಸಿನ ಕಿವಿ ಹಂಗೆ ಮೆತ್ತಗಾಗ್ತದೆ, ಉಗುರಲ್ಲೇ ಏಳ್ತದೆ. ಒಂದು ಬಂಡೆಗೆ ಒಂದೇ ಹಿಡಿ. ಬೆರಳಗಲ ಬೆಳೆಯೋಕೆ ನಮ್ಮಜ್ಜನ ಕಾಲದಿಂದ ಕೂತದೆ ಅದು. ಈಗ ನನ್ನ ಜೊತೆ ನೀರಿನ ತಂಬಿಗೆ ಹಿಡಿಯೋರು ಯಾರು?"

ಅರಸ ಪಂಡಿತನ ಕಡೆ ನೋಡಿದ. ಪಂಡಿತ ತಂಬಿಗೆ ಹಿಡಿದ. ಅವಳು ಮುಂದೆ, ಅವನು ಹಿಂದೆ, ಗುಡ್ಡ ಹತ್ತಿದರು. ಒಂದು ಬಂಡೆ ಆಯಿತು, ಎರಡು ಬಂಡೆ ಆಯಿತು. ಮೂರನೆಯ ಬಂಡೆಗೆ ಪಂಡಿತನೇ ಉಗುರು ಹಾಕಿ, "ಬಂತು! ಬಂತು ಕಣವ್ವಾ!" ಅಂತ ಕುಣಿದನಂತೆ.

ಅದನ್ನು ಅರೆದು, ಜೇನಲ್ಲಿ ಕಲಸಿ ಹಚ್ಚಿದ ಮೂರು ದಿನಕ್ಕೆ ಕೀವು ನಿಂತಿತು. ಆರು ದಿನಕ್ಕೆ ಹುಣ್ಣು ಒಣಗಿತು. ಯುಗಾದಿಯ ದಿನ ಸೂರ್ಯದೇವರು ಏಳುವ ಹೊತ್ತಿಗೆ ಅರಸ ಕೈಮುಗಿದು, ಬರಿಗಾಲನ್ನು ಮಣ್ಣಿಗೆ ಊರಿದ. ಎತ್ತುಗಳು ನಡೆದವು. ಮೊದಲ ಸಾಲು ಮುಗಿಯುತ್ತಲೇ ಊರಿನ ನೂರೊಂದು ನೇಗಿಲು ಹೊಲಕ್ಕಿಳಿದವಂತೆ.

ಅವರು ಅಲ್ಲಿ ಉತ್ತರು, ನಾವು ಇಲ್ಲಿ ಉಂಡೆವು. ಕೇಳಿದ ಕಿವಿಗೆ ತಂಪು, ಹೇಳಿದ ಬಾಯಿಗೆ ಬೆಲ್ಲ.